ಸಂಕ್ರಾಂತಿ ಕಳೀಲಿ

ಧನುರ್ಮಾಸ ಬಂತೆಂದರೆ ದೇವೀರಪ್ಪನವರ ಮನೆಯಲ್ಲಿ ಎಲ್ಲ ಪ್ರಶ್ನೆಗಳಿಗೂ ಒಂದೇ ಉತ್ತರ. ಬಚ್ಚಲ ನಲ್ಲಿ ಸೋರುತ್ತಿದೆ, ರಿಪೇರಿಯವನನ್ನು ಕರೆಸೋಣವೇ ಎಂದರೆ ಸಂಕ್ರಾಂತಿ ಕಳೀಲಿ. ಮೊಮ್ಮಗಳಿಗೆ ಹೊಸ ಸ್ಕೂಲ್ ಬ್ಯಾಗು ಬೇಕು ಎಂದರೆ ಹಳೆಯದಕ್ಕೇ ಹೊಲಿಗೆ ಹಾಕಿ, ಸಂಕ್ರಾಂತಿ ಕಳೀಲಿ. ಅದು ಶೂನ್ಯಮಾಸ. ಮದುವೆ ಮಾತಾಡುವಂತಿಲ್ಲ, ಹೊಸ ಮನೆಗೆ ಕಾಲಿಡುವಂತಿಲ್ಲ ಎಂಬಷ್ಟು ಹಾರನಹಳ್ಳಿಯ ಎಲ್ಲರಿಗೂ ಗೊತ್ತು, ಎಲ್ಲರೂ ಪಾಲಿಸುತ್ತಾರೆ. ಆದರೆ ದೇವೀರಪ್ಪನವರು ಶೂನ್ಯಮಾಸವನ್ನು ಎಳೆದೆಳೆದು ಅಗಲ ಮಾಡಿ, ಮನೆಯ ಸಕಲ ಕೆಲಸಗಳನ್ನೂ ಅದರಡಿಗೆ ತಳ್ಳಿಬಿಟ್ಟಿದ್ದರು. ಹೊಸ ಪೊರಕೆ ತಂದರೂ ಅದು ಹಬ್ಬದ ತನಕ ಮೂಲೆಯಲ್ಲಿ ನಿಂತಿರಬೇಕು. ಸೊಸೆ ಸಿಂಧು ಬೇಲೂರಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನೆಲ್ಲ ಕಂಡು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಈಗ ನಗು ಬರುತ್ತಿರಲಿಲ್ಲ.

ಯಾಕೆಂದರೆ ಈ ಸಲ ಸಂಕ್ರಾಂತಿಗೆ ಕಾಯುತ್ತಿದ್ದದ್ದು ನಲ್ಲಿಯಲ್ಲ, ಪೊರಕೆಯಲ್ಲ, ಅವಳ ಗಂಡ.

ಇಂದ್ರೇಶನಿಗೆ ಪ್ರತಿ ಚಳಿಗಾಲವೂ ಹೀಗೆ. ಉಳಿದ ದಿನಗಳಲ್ಲಿ ಅವನ ಗಂಟಲು ಬೀದಿಯ ಆ ತುದಿಗೆ ಕೇಳುತ್ತದೆ. ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನಿಗೆ ಮಾತೇ ಬಂಡವಾಳ ತಾನೇ. ಕಾರ್ತಿಕದ ದೀಪಗಳು ಆರಿದವೆಂದರೆ ಆ ಮಾತು ಇಳಿಯುತ್ತದೆ. ಆಮೇಲೆ ಊಟ ಇಳಿಯುತ್ತದೆ. ಆಮೇಲೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದೇ ಒಂದು ದೊಡ್ಡ ಕೆಲಸವಾಗುತ್ತದೆ. ಬಿಸಿಲು ಬಲಿಯುತ್ತಾ ಬಂದ ಹಾಗೆ ತಾನಾಗಿಯೇ ಸರಿಹೋಗುತ್ತಾನೆ. ಮನೆಯವರು ಅದಕ್ಕೆ 'ಇಂದ್ರೇಶನಿಗೆ ಚಳಿ ಹಿಡಿದಿದೆ' ಎಂದು ಹೆಸರಿಟ್ಟು, ಹೆಸರಿಟ್ಟ ಮೇಲೆ ಇನ್ನೇನು ಮಾಡುವುದಿದೆ ಎಂಬಂತೆ ಸುಮ್ಮನಾಗಿದ್ದರು.

ಈ ವರ್ಷ ಮಂಜು ವಿಪರೀತ. ಮಕ್ಕಳ ಸ್ಕೂಲ್ ವ್ಯಾನು ಬಂದು ಹೋದ ಮೇಲೂ ಎದುರು ಮನೆಯ ಜಗುಲಿ ಕಾಣುತ್ತಿರಲಿಲ್ಲ. ತೆಂಗಿನ ಮರಗಳಿಗೆ ಬುಡ ಮಾತ್ರ ಇತ್ತು, ತಲೆ ಇರಲಿಲ್ಲ. ಇಂದ್ರೇಶ ಮಂಡಿಗೆ ಹೋಗುವುದನ್ನು ಬಿಟ್ಟ, ಗಡ್ಡ ಬಿಟ್ಟ, ಫೋನ್ ಚಾರ್ಜಿಗೆ ಹಾಕುವುದನ್ನೂ ಬಿಟ್ಟ. ಬೆಳಿಗ್ಗೆ ಕಾಫಿ ಕುಡಿದವನು ಮನೆಯ ಹಿಂದಿನ ಕೊಬ್ಬರಿ ಅಟ್ಟ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತಿದ್ದ. ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಆ ಅಟ್ಟದಲ್ಲಿ ಪೇರಿಸಿ ಇಟ್ಟಿದ್ದರು. ವರ್ಷ ಕಳೆಯುವಷ್ಟರಲ್ಲಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಉರುಳುವುದು ಕೇಳಬೇಕು. ಸಿಂಧು ಕೆಳಗೆ ಪಾತ್ರೆ ತೊಳೆಯುತ್ತಿದ್ದರೆ ಮೇಲಿಂದ ಒಂದು ಸಲ ಲೊಡಲೊಡ ಸದ್ದು ಬರುತ್ತಿತ್ತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇನ್ನೊಂದು ಸದ್ದು ಬರುವ ತನಕ ಅವಳ ಕೈ ಪಾತ್ರೆಯ ಮೇಲೇ ನಿಂತಿರುತ್ತಿತ್ತು.

ಉಪಚಾರಕ್ಕೇನೂ ಕಡಿಮೆಯಿರಲಿಲ್ಲ. ಅತ್ತೆ ಕಾಂತಮ್ಮ ಮಗನ ತಲೆಗೆ ಹರಳೆಣ್ಣೆ ತಟ್ಟಿ ಬಿಸಿನೀರು ಹುಯ್ದರು, ಮೆಣಸಿನ ಸಾರು ಕುಡಿಸಿದರು, ಮಠದಿಂದ ವಿಭೂತಿ ತಂದು ಹಣೆಗೆ ಹಚ್ಚಿದರು. ದೇವೀರಪ್ಪನವರು ದಿನಕ್ಕೆರಡು ಸಲ 'ಬಿಸ್ಲಿಗಾದ್ರೂ ಕೂತ್ಕಳೋ' ಎಂದು ಗದರಿದರು. ಬಿಸಿಲೇ ಇರಲಿಲ್ಲ ಎನ್ನುವುದು ಬೇರೆ ಮಾತು. ಓಣಿಯವರು ಒಬ್ಬೊಬ್ಬರೂ ಒಂದೊಂದು ದೇವರ ಹೆಸರು ಹೇಳಿ ಹೋದರು.

ಸಿಂಧು ಕೊನೆಗೆ ಧೈರ್ಯ ಮಾಡಿ, ಮಾವ ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಬಾಗಿಲ ಬಳಿ ನಿಂತಳು.

"ಮಾವ, ಅರಸೀಕೆರೆ ಸರ್ಕಾರಿ ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟ್ರು ಬರ್ತಾರಂತೆ. ಆಶಾ ಕಾರ್ಯಕರ್ತೆ ಹೇಳಿದ್ರು. ಇವ್ರನ್ನ ಒಂದ್ಸಲ ತೋರಿಸ್ಕೊಂಡು ಬರ್ಲಾ?"

"ಹುಚ್ಚಿನ ಡಾಕ್ಟ್ರಾ?"

"ಹುಚ್ಚಿಂದಲ್ಲ ಮಾವ. ಈ ಥರ ಬೇಜಾರಾದೋರಿಗೂ ಔಷಧಿ ಕೊಡ್ತಾರಂತೆ."

ದೇವೀರಪ್ಪನವರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಅವರು ಕೆಟ್ಟವರಲ್ಲ. ಸೊಸೆಗೆ ಒಂದು ದಿನವೂ ದನಿ ಏರಿಸಿ ಬೈದವರಲ್ಲ. ಆದರೆ ಆ ಕ್ಯಾಲೆಂಡರನ್ನು ನೋಡುವಾಗ ಅವರ ಮುಖದಲ್ಲಿ ಏನೋ ಒಂದು ಬಾಗಿಲು ಹಾಕಿಕೊಳ್ಳುತ್ತಿತ್ತು.

"ಶೂನ್ಯಮಾಸದಾಗೆ ಶುರು ಮಾಡಿದ್ ಔಷಧಿ ಜನ್ಮ ಇರೋಗಂಟ ಬಿಡಾಕಿಲ್ಲ ಕಣಮ್ಮ. ಹಬ್ಬ ಇನ್ನೇನು ಬಂದೇಬಿಡ್ತು. ಸಂಕ್ರಾಂತಿ ಕಳೀಲಿ, ನಾನೇ ಮುಂದೆ ನಿಂತು ಕರ್ಕೊಂಡು ಹೋಗ್ತೀನಿ. ಅಷ್ಟೊತ್ತಿಗೆ ಅವನೇ ಸರಿಹೋಗಿರ್ತಾನೆ, ನೋಡ್ತಾ ಇರು."

ಹಿಂದೆ ಏನೋ ಸದ್ದಾಯಿತು. ಸಿಂಧು ತಿರುಗಿದಳು. ಇಂದ್ರೇಶ ನಡುಮನೆಯಲ್ಲಿ ಖಾಲಿ ಲೋಟ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ತಂದೆಯ ಮುಖ, ಹೆಂಡತಿಯ ಮುಖ ಎರಡನ್ನೂ ನೋಡಿದ.

"ಹೂಂ," ಅಂದ. "ಅದೇ ಸರಿ. ಸಂಕ್ರಾಂತಿ ಕಳೀಲಿ."

ಅವನು ಆ ವಾರದಲ್ಲಿ ಆಡಿದ ಮೊದಲ ಪೂರ್ತಿ ಮಾತು ಅದು. ಕಳೆದುಹೋದ ಬೀಗದ ಕೈ ಸಿಕ್ಕಿದವನ ಹಾಗೆ ಅವನ ಮುಖ ಒಂದಿಷ್ಟು ಸಡಿಲವಾಯಿತು. ಲೋಟವನ್ನು ಅಡುಗೆಮನೆಯಲ್ಲಿ ತಾನೇ ತೊಳೆದಿಟ್ಟು ಹೋದ.

ಮರುದಿನ ಬೆಳಿಗ್ಗೆ ಇಂದ್ರೇಶ ಎಲ್ಲರಿಗಿಂತ ಮೊದಲು ಎದ್ದಿದ್ದ. ಗಡ್ಡ ಬೋಳಿಸಿದ್ದ, ಸ್ನಾನ ಮಾಡಿದ್ದ, ಲಿಂಗಪೂಜೆಗೂ ಕೂತಿದ್ದ. ಮಧ್ಯಾಹ್ನ ಅವರೆಕಾಳಿನ ಸಾರಿಗೆ ಎರಡು ಮುದ್ದೆ ಉಂಡ. ಕಾಂತಮ್ಮ ಬಡಿಸುತ್ತಾ ಬಡಿಸುತ್ತಾ ಕಣ್ಣೊರೆಸಿಕೊಂಡರು. ದೇವೀರಪ್ಪನವರಂತೂ ಗೆದ್ದವರ ಹಾಗೆ ಮೀಸೆ ತಿರುವಿದರು. "ಹೇಳಿದ್ನಾ ಇಲ್ವಾ? ಡಾಕ್ಟ್ರಂತೆ ಡಾಕ್ಟ್ರು!"

ಸಿಂಧು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಸಂತೋಷಕ್ಕೇ ಅತ್ತಳು. ಎರಡು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತೆಂದು ಎಲ್ಲ ದೇವರಿಗೂ ಕೈ ಮುಗಿದಳು. ಮುಗಿದ ಕೈ ಬಿಡಿಸುವಷ್ಟರಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ನಲ್ಲಿ ಸೋರುತ್ತಿರಲಿಲ್ಲ. ಇಂದ್ರೇಶ ಬೆಳಿಗ್ಗೆಯೇ ಅದನ್ನು ರಿಪೇರಿ ಮಾಡಿದ್ದ. ಹಬ್ಬದ ತನಕವೂ ಕಾದಿರಲಿಲ್ಲ.

ಅಲ್ಲಿಂದ ಮುಂದೆ ಅವನು ಮನೆಯ ಒಂದೊಂದೇ ಕೆಲಸವನ್ನು ಹುಡುಕಿ ಹುಡುಕಿ ಮುಗಿಸತೊಡಗಿದ. ದನದ ಕೊಟ್ಟಿಗೆಯ ಬಾಗಿಲಿಗೆ ಹೊಸ ತಿರುಗಣೆ ಹಾಕಿದ. ತಾಯಿಯ ಕನ್ನಡಕಕ್ಕೆ ಕಡ್ಡಿ ಕೂಡಿಸಿ ತಂದ. ತಂದೆಯ ಜೊತೆ ವರ್ಷಗಟ್ಟಲೆ ನಡೆದಿದ್ದ ಬೋರ್‌ವೆಲ್ ಜಗಳವನ್ನು 'ನೀವು ಹೇಳಿದಂಗೇ ಆಗ್ಲಿ ಬಿಡಪ್ಪ' ಎಂದು ಒಂದೇ ಮಾತಿಗೆ ಬಿಟ್ಟುಕೊಟ್ಟ. ಎಲ್ಲರಿಗೂ ಅವನು ಒಳ್ಳೆಯವನಾದ. ಸಿಂಧುವಿಗೆ ಅದೇ ಸರಿ ಬರಲಿಲ್ಲ. ಅವಳ ಗಂಡ ಸರಿಯಿದ್ದ ದಿನಗಳಲ್ಲಿ ಸಾರಿಗೆ ಉಪ್ಪು ಜಾಸ್ತಿಯಾದರೆ ತಟ್ಟೆ ಕುಕ್ಕುವ ಮನುಷ್ಯ. ಈಗ ಉಪ್ಪೇ ಹಾಕುವುದು ಮರೆತಿದ್ದ ದಿನವೂ ಚೆನ್ನಾಗಿದೆ ಎಂದು ಉಂಡು ಎದ್ದ.

ಒಂದು ಬೆಳಿಗ್ಗೆ ಅವಳನ್ನು ಅಟ್ಟಕ್ಕೆ ಕರೆದ. ಆ ಮನೆಯಲ್ಲಿ ಹೆಂಗಸರು ಅಟ್ಟ ಹತ್ತುವ ಪದ್ಧತಿ ಇರಲಿಲ್ಲ.

"ಮಾವ ಏನಂತಾರೋ," ಎಂದಳು.

"ನಾನ್ ಹೇಳ್ತೀನಿ ಬಾ."

ಮೇಲೆ ಮಬ್ಬುಗತ್ತಲೆ. ಹೆಂಚಿನ ಸಂದಿಯಿಂದ ಮಂಜು ಒಳಗೂ ಬಂದಿತ್ತು. ರಾಶಿ ರಾಶಿ ಕಾಯಿಗಳ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ ಸವೆದು ನುಣ್ಣಗಾಗಿತ್ತು. ಇಂದ್ರೇಶ ಒಂದು ಕಾಯಿ ಎತ್ತಿ ಅವಳ ಕೈಗೆ ಕೊಟ್ಟ.

"ಅಲ್ಲಾಡ್ಸು. ಏನ್ ಕೇಳುಸ್ತದೆ?"

"ನೀರು."

"ಇನ್ನೂ ಹಸಿ ಐತೆ, ಬಿಡು. ಇದು?"

"ಉಂಡೆ ಉರುಳ್ತಿದೆ."

"ಅದು ಆಗೈತೆ. ಈಗ ಇದು ನೋಡು."

ಸಿಂಧು ಅಲ್ಲಾಡಿಸಿದಳು, ಕಿವಿಗೆ ಒತ್ತಿ ಇನ್ನೊಂದು ಸಲ ಅಲ್ಲಾಡಿಸಿದಳು. "ಏನೂ ಇಲ್ಲ."

"ಎಲ್ರೂ ಮೋಸ ಹೋಗೋದು ಇದ್ರಾಗೇ ಕಣೇ. ಸದ್ದಿಲ್ದಿರೋದು ಇನ್ನೂ ಒಣಗ್ತಾ ಇರ್ಬೋದು, ಇಲ್ಲಾ ಒಳಗೇ ಕೊಳ್ತಿರ್ಬೋದು. ಮೇಲ್ನೋಟಕ್ಕೆ ಎಲ್ಡೂ ಒಂದೇ. ಇಂಥವನ್ನ ಬೇರೆ ಇಡ್ಸು, ವ್ಯಾಪಾರಿ ಮುಂದೆ ಒಡೀಬೇಡ. ಆಮೇಲೆ ಕಾಯಿ ಸುಲಿಯಾಕೆ ನಮ್ಮ ಪುಟ್ಟರಾಜುನ್ನ ನಂಬ್ಬೋದು. ಬೇರೆಯೋರು ಬಂದ್ರೆ ಪಕ್ಕದಾಗೆ ನಿಂತ್ಕೊಂಡೇ ಸುಲಿಸ್ಬೇಕು."

"ನಂಗ್ಯಾಕ್ರೀ ಇದೆಲ್ಲ? ನೀವಿಲ್ವಾ?"

"ಗೊತ್ತಿರ್ಲಿ ಅಂತ," ಎಂದು ಅವನು ಆ ಕಾಯಿಯನ್ನು ಇಸಿದುಕೊಂಡು ಪಕ್ಕಕ್ಕಿಟ್ಟ.

ಭಾನುವಾರ ಅವಳ ತವರಿಗೆ ಹೋಗಿಬರೋಣ ಎಂದು ತಾನೇ ಮಾತು ಎತ್ತಿದ. ಏಳು ವರ್ಷದ ಮಗಳು ಸೌಂದರ್ಯ ಕಾರಿನಲ್ಲಿ ಹಿಂದೆ ಮುಂದೆ ಕುಣಿದಳು. ಬೇಲೂರಿನಲ್ಲಿ ಸಿಂಧುವಿನ ತಂದೆ ತಾಯಿಯ ಜೊತೆ ಉಂಡು, ದೇವಸ್ಥಾನದ ಬೀದಿಯ ಅಂಗಡಿಯಲ್ಲಿ ಮಗಳಿಗೆ ಸಂಕ್ರಾಂತಿಗೆಂದು ಹಸಿರು ಲಂಗ ಕೊಡಿಸಿದ. ಆಮೇಲೆ ಅದೇ ತರಹದ ಕೆಂಪು ಲಂಗವೊಂದನ್ನು ತೆಗೆಸಿ, ಇನ್ನೂ ದೊಡ್ಡ ಅಳತೆಯದು ಕೊಡಿ ಎಂದ.

"ಅದು ಅವಳಿಗೆ ನೆಲ ಗುಡಿಸ್ತದೆ ಕಣ್ರೀ," ಎಂದು ಸಿಂಧು ನಕ್ಕಳು.

"ಮುಂದಿನ ಸಂಕ್ರಾಂತಿಗೆ ಸರಿಯಾಗ್ತದೆ. ಇರ್ಲಿ ಬಿಡು."

ಅಂಗಡಿಯವನೂ ನಕ್ಕ. ಮುಂದಿನ ವರ್ಷದ ಹಬ್ಬಕ್ಕೆ ಈಗಲೇ ಬಟ್ಟೆ ತೆಗೆಯುವ ಅಪ್ಪಂದಿರನ್ನು ಅವನು ಕಂಡಿರಲಿಲ್ಲವಂತೆ. ಸಿಂಧುವಿನ ನಗು ಅಲ್ಲಿಗೇ ನಿಂತಿತು.

ಬರುವಾಗ ಹಳೇಬೀಡಿನಲ್ಲಿ ಕಾರು ನಿಲ್ಲಿಸಿದ. ಗುಡಿಗೆ ಹೋಗಲಿಲ್ಲ. ಕೆರೆಯ ಏರಿಯ ಮೇಲೆ ನಡೆದು ಹೋಗಿ ನೀರಿನ ಕಡೆ ಮುಖ ಮಾಡಿ ನಿಂತ. ಸಂಜೆಯಾಗಲು ಇನ್ನೂ ಹೊತ್ತಿತ್ತು, ಆದರೆ ಬಿಸಿಲಿಗೆ ಬಣ್ಣವೇ ಇರಲಿಲ್ಲ. ಪ್ರವಾಸಕ್ಕೆ ಬಂದ ಸ್ಕೂಲಿನ ಮಕ್ಕಳ ಗಲಾಟೆ ಗುಡಿಯ ಕಡೆಯಿಂದ ಕೇಳುತ್ತಿತ್ತು. ಸೌಂದರ್ಯ ಅಪ್ಪನ ಕೈ ಹಿಡಿದು, ಕಡಲೆಕಾಯಿ ಕೊಡಿಸು ಬಾ ಎಂದು ಜಗ್ಗಿದಳು. ಅವನು ಕದಲಲಿಲ್ಲ. ಎರಡನೆಯ ಸಲ ಜಗ್ಗಿದಾಗ, ನೀನ್ಯಾರು ಎಂದು ಕೇಳುವವನ ಹಾಗೆ ಮಗಳನ್ನು ನೋಡಿದ. ಆಮೇಲೆ ತಕ್ಷಣ ನಕ್ಕು ಅವಳನ್ನು ಎತ್ತಿಕೊಂಡ.

ಆ ನೋಟವನ್ನು ಸಿಂಧು ಕಂಡಳು. ಗಂಡ ಸರಿಹೋದ ಎಂದು ಇಡೀ ಮನೆ ಹಿಗ್ಗುವಾಗ ಹೆಂಡತಿಯಾದವಳು ಹೀಗೆ ಅಪಶಕುನ ಹುಡುಕುವುದೇ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಹೆದರಿಕೆ ಹೋಗಲಿಲ್ಲ.

ಸೋಮವಾರ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದರು. ಕಾಂತಮ್ಮ ಬಹಳ ದಿನಗಳ ಮೇಲೆ ಹಗುರವಾಗಿದ್ದರು. ಮಾತು ಎಲ್ಲಿಂದೆಲ್ಲಿಗೋ ಹರಿದು ದೇವೀರಪ್ಪನವರ ತೀರಿಹೋದ ತಮ್ಮ ಇಂದುಧರನ ಮೇಲೆ ಬಂತು. ಆ ಮನೆಯಲ್ಲಿ ಅವನ ಫೋಟೋ ಇತ್ತು, ಮಾತು ಇರಲಿಲ್ಲ. ಕೆರೆಯಲ್ಲಿ ಕಾಲು ಜಾರಿದ ಎಂಬಷ್ಟೇ ಸಿಂಧುವಿಗೆ ಗೊತ್ತಿದ್ದದ್ದು.

"ನಮ್ಮ ಇಂದ್ರೇಶ ಥೇಟ್ ಅವನೇ ಕಣೇ," ಎಂದರು ಕಾಂತಮ್ಮ. "ಅವನ್ಗೂ ಚಳಿ ಆಗ್ತಿರ್ಲಿಲ್ಲ. ಮಂಕಾಗಿ ಮೂಲೆ ಸೇರೋನು. ಆ ವರ್ಷನೂ ಹಂಗೇ ಆಯ್ತು. ಯಾರ್ಗಾದ್ರೂ ತೋರ್ಸಿ ಅಂತ ನಮ್ಮತ್ತೆ ಅಂದ್ರು. ನಿಮ್ಮ ಮಾವ, ಸಂಕ್ರಾಂತಿ ಕಳೀಲಿ ಅಂದ್ರು. ಹಬ್ಬ ಹತ್ರ ಬಂದಂಗೆ ನೋಡು, ಎಷ್ಟ್ ಚೆನ್ನಾಗಾದ ಅಂತೀಯ! ಹಬ್ಬದ ದಿನ ತಾನೇ ಮನೆಮನೆಗೂ ಹೋಗಿ ಎಳ್ಳು ಬೀರಿ ಬಂದ. ದನಕ್ಕೆ ಕಿಚ್ಚು ಹಾಯ್ಸುವಾಗ ಎಲ್ರಿಗಿಂತ ಮುಂದೆ ಅವ್ನೇ. ನಾವೆಲ್ಲ ಎಷ್ಟ್ ನಕ್ಕಿದ್ವಿ ಆವತ್ತು."

"ಆಮೇಲೆ, ಅತ್ತೆ?"

ಕಾಂತಮ್ಮನ ಬೆರಳಿನ ನಡುವೆ ಕಾಳು ಹಾಗೇ ನಿಂತಿತು. "ಮಾರ್ನೇ ದಿನ ಬೆಳಿಗ್ಗೆ ಕೆರೆಗೆ ಹೋದ," ಎಂದರು. "ಎಲ್ಲ ಹಣೆಬರಹ."

ಇಬ್ಬರ ಮಧ್ಯೆ ಬೋಗುಣಿಯಲ್ಲಿ ಹಿದುಕಿದ ಬೇಳೆ ತುಂಬುತ್ತಾ ಹೋಯಿತು. ಸಿಂಧು ತಲೆ ಎತ್ತಿ ಅತ್ತೆಯ ಮುಖ ನೋಡಿದಳು. ಅವರಿಗೆ ಗೊತ್ತಿದೆಯೋ, ಗೊತ್ತಿಲ್ಲವೋ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇಷ್ಟು ವರ್ಷ ಅನ್ನ ಬೇಯಿಸಿದ್ದಾರೋ, ಅವಳಿಗೆ ತಿಳಿಯಲಿಲ್ಲ.

ಮಂಗಳವಾರ ಬೆಳಿಗ್ಗೆ ಕಾಯಿ ಸುಲಿಯುವ ಪುಟ್ಟರಾಜು ಮಂಜಿನೊಳಗಿಂದ ಕೆಮ್ಮುತ್ತಾ ಬಂದು ಹಿತ್ತಲ ಬಾಗಿಲಲ್ಲಿ ನಿಂತ. ಹಬ್ಬಕ್ಕೆ ಇನ್ನೊಂದು ವಾರವಿತ್ತು. ಅಟ್ಟದ ಕಾಯಿ ಇಳಿಸುವುದು ಹೇಗೂ ಹಬ್ಬ ಕಳೆದ ಮೇಲೆ. ಹಾಗಿದ್ದರೂ ಈಗಲೇ ಕೇಳಿ ಹೋಗಲು ಬಂದಿದ್ದ.

"ಅಕ್ಕೋರೇ, ಎಷ್ಟು ಜನ ಆಳು ಹೇಳ್ಲಿ?"

"ನನ್ನೇನ್ ಕೇಳ್ತೀಯ ಪುಟ್ಟರಾಜು? ಅವ್ರನ್ನ ಕೇಳು."

"ಕೇಳ್ದೆ ಕಣ್ರವ್ವ. ಅಣ್ಣೋರೇ ಅಂದ್ರು. ಹಬ್ಬದ ಮಾರ್ನೇ ದಿನದಿಂದ ಎಲ್ಲಾ ಅಕ್ಕೋರ್ನೇ ಕೇಳ್ಬೇಕು, ನನ್ನ ಕೇಳ್ಬೇಡ ಅಂತ. ಎಲ್ಲಿಗಾದ್ರೂ ಹೋಯ್ತಾವ್ರಾ ಅಣ್ಣೋರು?"

ಸಿಂಧುವಿನ ಕಣ್ಣ ಮುಂದೆ ನಲ್ಲಿ, ಕನ್ನಡಕ, ಬೋರ್‌ವೆಲ್ ಜಗಳ, ಸದ್ದಿಲ್ಲದ ಕಾಯಿ, ನೆಲ ಗುಡಿಸುವ ಕೆಂಪು ಲಂಗ ಎಲ್ಲವೂ ಒಂದೇ ದಿನದ ಕಡೆ ಮುಖ ಮಾಡಿ ನಿಂತಿದ್ದವು. ಇಡೀ ಮನೆ ಸಂಕ್ರಾಂತಿ ಕಳೆಯಲಿ ಎಂದು ಕಾಯುತ್ತಿತ್ತು. ಅವನೂ ಅದಕ್ಕೇ ಕಾಯುತ್ತಿದ್ದ.

ಅವಳು ಪುಟ್ಟರಾಜುವಿಗೆ ಉತ್ತರ ಕೊಡದೆ ಅಟ್ಟದ ಏಣಿ ಹತ್ತಿದಳು. ಹತ್ತುತ್ತಾ ಒಂದು ಯೋಚನೆ ಬಂತು. ಬಾಯಿ ಬಿಟ್ಟು ಕೇಳಿದರೆ ಅವನ ತಲೆಯಲ್ಲಿ ಇಲ್ಲದ್ದನ್ನು ತಾನೇ ಹಾಕಿದ ಹಾಗಾದರೆ? ಒಂದು ಗಳಿಗೆ ಕಾಲು ನಿಂತಿತು. ಆದರೆ ಈ ಮನೆಯಲ್ಲಿ ಕೇಳದೆ ಬಿಟ್ಟದ್ದರಿಂದ ಏನಾಯಿತು ಎನ್ನುವುದು ನಡುಮನೆಯ ಗೋಡೆಯ ಮೇಲೆ ಹಾರ ಹಾಕಿಕೊಂಡು ಕೂತಿತ್ತು. ಅವಳು ಹತ್ತಿದಳು.

ಇಂದ್ರೇಶ ಆ ಸವೆದ ಜಾಗದಲ್ಲಿ ಕೂತಿದ್ದ. ತೊಡೆಯ ಮೇಲೆ ಒಂದು ಕಾಯಿ. ಹೆಂಡತಿಯನ್ನು ಕಂಡು ನಕ್ಕ. ಆ ಒಳ್ಳೆಯ ನಗುವನ್ನು ಕಂಡು ಅವಳಿಗೆ ರೇಗಿಹೋಯಿತು.

"ಸಂಕ್ರಾಂತಿ ಕಳೆದ ಮೇಲೆ ಏನ್ರೀ?"

"ಏನು?"

"ಮಾರ್ನೇ ದಿನ ನೀವೆಲ್ಲಿರ್ತೀರ? ಸಾಯ್ಬೇಕು ಅಂತಿದ್ದೀರಾ? ನನ್ನ ಮುಖ ನೋಡಿ ಹೇಳಿ."

ಅವನು ತೊಡೆಯ ಮೇಲಿನ ಕಾಯಿಯನ್ನು ಕೆಳಗಿಟ್ಟ. ಕೆಳಗೆ ಪುಟ್ಟರಾಜು ಕೆಮ್ಮಿದ. ಕೊನೆಗೆ ಇಂದ್ರೇಶನ ಮುಖದಿಂದ ಆ ನಗು ಹೋಯಿತು. ಅದರ ಹಿಂದೆ ಇದ್ದ ಮುಖ ಕಂಡಿತು. ಎರಡು ತಿಂಗಳಿನಿಂದ ಹಾಸಿಗೆ ಬಿಟ್ಟೇಳಲಾಗದೆ ಬಿದ್ದಿದ್ದ ಆ ಹಳೆಯ ಮುಖವೇ. ಅದು ಎಲ್ಲಿಗೂ ಹೋಗಿರಲಿಲ್ಲ.

"ಶೂನ್ಯಮಾಸದಾಗೆ ಹಂಗಾದ್ರೆ ಮನೆಗೆ ಒಳ್ಳೇದಲ್ಲ ಸಿಂಧು," ಎಂದ. ಮಂಡಿಯ ದರ ಹೇಳುವಷ್ಟು ಸಲೀಸಾಗಿ ಹೇಳಿದ. "ಹಬ್ಬನೂ ಕೆಡ್ತದೆ. ಮಗು ಪಾಪ ಹೊಸ ಲಂಗ ಹಾಕ್ಕೊಂಡು ಎಳ್ಳು ಬೀರ್ಲಿ. ಅದು ಕಳೀಲಿ ಅಂತ ಕಾಯ್ತಿದ್ದೀನಿ. ಒಂದ್ ದಿನ ಗೊತ್ತಾಗಿದ್ದೇ ಎಷ್ಟೋ ಹಗುರಾಯ್ತು ಕಣೇ. ಅಲ್ಲಿಗಂಟ ತಾನೇ ಅಂತ ಎದ್ದೇಳ್ತೀನಿ, ಉಣ್ತೀನಿ."

ಸಿಂಧು ಕಾಯಿಗಳ ಮೇಲೆಯೇ ಕುಸಿದು ಕೂತಳು. ಕಿರಿಚಬೇಕೆನಿಸಿತು. ಕಿರಿಚಲಿಲ್ಲ. ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಅವು ಮಂಜಿನಷ್ಟು ತಣ್ಣಗಿದ್ದವು.

"ನಾನು? ನಾನು ಕಾಯಿ ಅಲ್ಲಾಡಿಸ್ಕೊಂಡು ಕೂತಿರ್ಬೇಕಾ?"

ಅವನು ಬಾಯಿ ತೆರೆದ. "ನಂಗೆ ಸಾಕಾಗೈತೆ ಸಿಂಧು," ಎಂದವನೇ ತಲೆ ಬಗ್ಗಿಸಿ ಅಳತೊಡಗಿದ. ಇಷ್ಟು ದಿನ ಅವನು ಒಂದು ಸಲವೂ ಅತ್ತಿರಲಿಲ್ಲ.

"ಇವತ್ತು ಮಂಗಳವಾರ," ಎಂದಳು ಅವಳು. "ಏಳಿ. ಶರ್ಟ್ ಕೂಡ ಬದಲಾಯಿಸೋದು ಬೇಡ. ಏಳಿ."

ಅವನ ಮುಂಗೈ ಬಿಡದೆ ಏಣಿ ಇಳಿಸಿದಳು, ನಡುಮನೆ ದಾಟಿಸಿದಳು. ಜಗುಲಿಯಲ್ಲಿ ದೇವೀರಪ್ಪನವರು ಎದ್ದು ಅಡ್ಡ ನಿಂತರು. ಮಗ ಅಳುತ್ತಿದ್ದಾನೆ, ಸೊಸೆಯ ತಲೆಯ ತುಂಬ ಅಟ್ಟದ ಧೂಳು.

"ಎಲ್ಲಿಗಮ್ಮ ಇದು? ಬೆಳಬೆಳಿಗ್ಗೆ?"

"ಆಸ್ಪತ್ರೆಗೆ."

"ನಾನ್ ಹೇಳಿರ್ಲಿಲ್ವಾ? ಇನ್ನೊಂದ್ ವಾರ ತಡ್ಕೊಳ್ಳಾಕೆ ಆಗಾಕಿಲ್ವಾ? ಸಂಕ್ರಾಂತಿ ಕಳೀ..."

"ಇವ್ರೂ ಅದನ್ನೇ ಅಂತಿದ್ದಾರೆ ಮಾವ!" ಸಿಂಧುವಿನ ಗಂಟಲು ಆ ಮನೆಯಲ್ಲಿ ಎಂದೂ ಅಷ್ಟು ಏರಿರಲಿಲ್ಲ. "ಚಿಕ್ಕಮಾವನೂ ಅದಕ್ಕೇ ಕಾದಿದ್ದು. ಹಬ್ಬ ಕೆಡಬಾರ್ದು, ಶೂನ್ಯಮಾಸ ಮುಗೀಲಿ, ಮಾರ್ನೇ ದಿನ ಹೋಗೋಣ ಅಂತ. ಇವ್ರೂ ದಿನ ಗೊತ್ತು ಮಾಡ್ಕೊಂಡವ್ರೆ. ನೀವೇ ಕೊಟ್ಟ ದಿನ ಅದು."

ಒಳಗೆ ಕಾಂತಮ್ಮನ ಕೈಯಿಂದ ಏನೋ ಬಿದ್ದು ಉರುಳಿತು. ದೇವೀರಪ್ಪನವರು ಮಗನನ್ನು ನೋಡಿದರು. ಅಲ್ಲ ಅನ್ನು ಎಂದು ಕೇಳುವ ಹಾಗೆ ನೋಡಿದರು. ಇಂದ್ರೇಶ ಅಲ್ಲ ಅನ್ನಲಿಲ್ಲ. ಮುದುಕರು ಜಗುಲಿಯ ಕಂಬ ಹಿಡಿದುಕೊಂಡರು.

ತಮ್ಮನನ್ನು ಅಂದೇ ಯಾರಿಗಾದರೂ ತೋರಿಸಿದ್ದರೆ ಉಳಿಯುತ್ತಿದ್ದನೇನೋ ಎಂಬ ಪ್ರಶ್ನೆ ಒಂದಿತ್ತು. ಅದು ಬಂದಾಗಲೆಲ್ಲ ಅವರು ಶೂನ್ಯಮಾಸವನ್ನು ಇನ್ನಷ್ಟು ಬಿಗಿ ಮಾಡುತ್ತಾ ಬಂದಿದ್ದರು. ಶಾಸ್ತ್ರ ಸರಿಯಾದರೆ ತಪ್ಪು ತಮ್ಮದಲ್ಲ. ಪೊರಕೆಯನ್ನೂ ಮೂಲೆಗೆ ನಿಲ್ಲಿಸಿದ್ದು ಅದಕ್ಕೇ. ಸಿಂಧುವಿಗೆ ಇದೆಲ್ಲ ಆ ಕಂಬ ಹಿಡಿದ ಕೈಯನ್ನು ನೋಡಿದಾಗ ಅರ್ಥವಾಯಿತು. ಕನಿಕರ ಹುಟ್ಟಿತು, ಸಿಟ್ಟೂ ಹೋಗಲಿಲ್ಲ.

"ನನ್ನ ಚಪ್ಪಲಿ ಎಲ್ಲಿ?" ಎಂದರು ದೇವೀರಪ್ಪನವರು. ಚಪ್ಪಲಿ ಅವರ ಕಾಲ ಹತ್ತಿರವೇ ಇತ್ತು.

ಅರಸೀಕೆರೆಯ ದಾರಿಯುದ್ದಕ್ಕೂ ಮಂಜು. ಸಿಂಧು ಕಾರು ಓಡಿಸಿದಳು. ಹಿಂದಿನ ಸೀಟಿನಲ್ಲಿ ಅಪ್ಪ ಮಗ ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಎಲ್ಲವನ್ನೂ ಗಡಿಬಿಡಿಯಿಲ್ಲದೆ ಕೇಳಿದರು. ಹೆದರಲೂ ಇಲ್ಲ, ಗದರಲೂ ಇಲ್ಲ. ಮಾತ್ರೆ ಬರೆದರು. ಚಳಿಗಾಲದಲ್ಲಿ ಕೆಲವರಿಗೆ ಮನಸ್ಸು ಹೀಗೆ ಕುಗ್ಗುತ್ತದೆ, ಇದು ಕಾಯಿಲೆ, ಸೋಮಾರಿತನವಲ್ಲ ಎಂದು ದೇವೀರಪ್ಪನವರ ಕಡೆ ತಿರುಗಿ ಹೇಳಿದರು. ಬೆಳಿಗ್ಗೆ ಬೆಳಕಿರುವಾಗ ಹೊರಗೆ ನಡೆಯಬೇಕು, ಒಬ್ಬನೇ ಇರಬಾರದು, ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಗಳು ಇವತ್ತೇ ಮನೆಯಿಂದ ಹೋಗಬೇಕು. ಸಿಂಧುವನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದರು. ಮಾತ್ರೆ ಹಿಡಿಯಲು ಕೆಲವು ವಾರಗಳೇ ಬೇಕು. ಅಲ್ಲಿಯ ತನಕ ಕಣ್ಣು ತಪ್ಪಿಸಬೇಡಿ, ನಗುತ್ತಿದ್ದರೂ ತಪ್ಪಿಸಬೇಡಿ.

ಕೆಲವು ವಾರಗಳು. ಹಬ್ಬಕ್ಕೆ ಉಳಿದಿದ್ದದ್ದು ಒಂದೇ ವಾರ.

ಅಟ್ಟದ ಬೀಗದ ಕೈ ಸಿಂಧುವಿನ ಸೊಂಟಕ್ಕೆ ಬಂತು. ಇಂದ್ರೇಶ ಮತ್ತೆ ಗಡ್ಡ ಬಿಟ್ಟ, ಮತ್ತೆ ಮಂಕಾದ, ಒಮ್ಮೆ ಉಪ್ಪು ಜಾಸ್ತಿಯಾಯಿತೆಂದು ತಟ್ಟೆ ಕುಕ್ಕಿದ. ತಟ್ಟೆಯ ಸದ್ದಿಗೆ ಸಿಂಧುವಿನ ಕಣ್ಣು ತುಂಬಿ ಬಂತು. ಸಂಕ್ರಾಂತಿಯ ದಿನ ಸೌಂದರ್ಯ ಹಸಿರು ಲಂಗ ಹಾಕಿಕೊಂಡು ಮನೆಮನೆಗೆ ಎಳ್ಳು ಬೀರಿ ಬಂದಳು. ದನಗಳು ಕಿಚ್ಚು ಹಾದವು. ಊರೆಲ್ಲ ನಕ್ಕಿತು. ದೇವೀರಪ್ಪನವರ ಮನೆಯಲ್ಲಿ ದೊಡ್ಡವರು ಯಾರೂ ಸಿಹಿ ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ಸಿಂಧುವಿಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿಯಿತ್ತು.

ಅವಳು ಹೆಸರು ಹಿಡಿದು ಕೂಗಿದಳು. ಉತ್ತರವಿಲ್ಲ. ಅಟ್ಟದ ಬೀಗ ಹಾಕಿದ ಹಾಗೇ ಇತ್ತು. ಬಚ್ಚಲು ಖಾಲಿ, ಕೊಟ್ಟಿಗೆ ಖಾಲಿ. ಮುಂಬಾಗಿಲು ತೆರೆದಿತ್ತು, ಮಂಜು ಹೊಸ್ತಿಲ ತನಕ ಬಂದು ನಿಂತಿತ್ತು. ಕೆರೆಯ ಕಡೆಯ ದಾರಿ ಕಾಣುತ್ತಲೇ ಇರಲಿಲ್ಲ. ಅವಳು ಬರಿಗಾಲಲ್ಲಿ ಅಂಗಳಕ್ಕೆ ಓಡಿದಳು.

ಅಂಗಳದ ಅಂಚಿನ ಒಗೆಯುವ ಕಲ್ಲಿನ ಮೇಲೆ ಇಬ್ಬರು ಕೂತಿದ್ದರು. ಇಂದ್ರೇಶ ಕಂಬಳಿ ಹೊದ್ದು ದಾರಿಯ ಕಡೆ ಮುಖ ಮಾಡಿದ್ದ. ಚಪ್ಪಲಿ ಮೆಟ್ಟಿದ್ದ. ಅವನ ಪಕ್ಕದಲ್ಲಿ ಬನಿಯನ್ನಿನಲ್ಲೇ ನಡುಗುತ್ತಾ ಅವನ ಅಪ್ಪ. ಮಗನ ಕಂಬಳಿಯ ಒಂದು ತುದಿಯನ್ನು ಮುದುಕರು ಎರಡು ಸುತ್ತು ಸುತ್ತಿ ಮುಷ್ಟಿಯಲ್ಲಿ ಹಿಡಿದಿದ್ದರು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದರೋ, ಬೆರಳುಗಳು ನೀಲಿಗಟ್ಟಿದ್ದವು.

ಸಿಂಧು ಬಂದದ್ದನ್ನು ಕಂಡರೂ ಅವರು ಹಿಡಿತ ಸಡಿಲಿಸಲಿಲ್ಲ.

"ಸಂಕ್ರಾಂತಿ ಕಳೀತು ಕಣಮ್ಮ," ಎಂದರು. ಅವರ ಹಲ್ಲು ಕಟಕಟ ಎನ್ನುತ್ತಿತ್ತು. "ನಾನೊಬ್ನೇ ಹಿಡ್ಕೊಂಡಿದ್ದೀನಿ. ನೀನೂ ಬಾ, ಈ ಕಡೆಯಿಂದ ಹಿಡ್ಕೋ."